ಕಿವಿ ಡಾಕ್ಟರ ಮನೆಯ ಮೂಕ ಕಂಪ್ಯೂಟರು

ದೇಹದ ಒಂದೇ ಒಂದು ಭಾಗವನ್ನು ನಂಬಿಕೊಂಡು ಮೂವತ್ತು ವರ್ಷ ಅನ್ನ ತಿಂದವರಿಗೆಲ್ಲ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಹಲ್ಲಿನ ಡಾಕ್ಟರು ಮದುವೆಮನೆಯಲ್ಲಿ ನಕ್ಕವರ ಮುಖ ನೋಡುವುದಿಲ್ಲ, ದವಡೆ ನೋಡುತ್ತಾರೆ. ಚರ್ಮದ ಡಾಕ್ಟರು ಕೈ ಕುಲುಕಿದ ಮೇಲೂ ಕೈ ಬಿಡದೆ ತಿರುಗಿಸಿ ನೋಡುತ್ತಾರೆ. ನಾನು ಕಿವಿ, ಮೂಗು, ಗಂಟಲಿನವನು, ಅದರಲ್ಲೂ ಹೆಚ್ಚಾಗಿ ಕಿವಿಯವನು. ಮೈಸೂರಿನಲ್ಲಿ ಓದಿ, ಡಲ್ಲಾಸಿನ ಜನರ ಕಿವಿಗಳಲ್ಲಿ ಇಣುಕಿ ಇಣುಕಿ ಸಾಕಾಗಿ, ಈಗ ವಾರಕ್ಕೆರಡು ದಿನ ಮಾತ್ರ ಕ್ಲಿನಿಕ್ಕಿಗೆ ಹೋಗುತ್ತೇನೆ. ನನ್ನ ಕಾಯಿಲೆ ಏನೆಂದರೆ, ಜಗತ್ತಿನಲ್ಲಿ ಎಲ್ಲೇ ಸದ್ದು ನಿಂತುಹೋದರೂ ಅದನ್ನು ಸರಿಪಡಿಸುವ ಅಧಿಕಾರ ನನ್ನದೇ ಎಂಬ ಭ್ರಮೆ. ಅದು ಇಳಿದದ್ದು ಹೇಗೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಡಲ್ಲಾಸಿನ ಪಕ್ಕದ ಊರು ಅಲೆನ್‌ನಲ್ಲಿರುವ ನಮ್ಮ ಮನೆಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಅದನ್ನು ಆನ್ ಮಾಡಿ, ಒಳಗೆ ಹೋಗಿ ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಎಚ್ಚರವಾಗಿರುತ್ತಿರಲಿಲ್ಲ. ಹೊಸದು ಕೊಂಡುಬಿಡಿ ಎಂದು ಮಗಳು ಎರಡು ಸಲ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕೇಳಲಿಲ್ಲ. ಹಳೆಯ ಆಪರೇಟಿಂಗ್ ಸಿಸ್ಟಮ್ ಪೂರ್ತಿ ತೆಗೆದು, ಹೊಸದಾಗಿ ಹಾಕಿಬಿಟ್ಟರೆ ಮತ್ತೆ ಪ್ರಾಯ ಬರುತ್ತದೆ ಎಂದು ಎಲ್ಲೋ ಓದಿದ್ದೆ. ಬುಧವಾರ ಬೆಳಿಗ್ಗೆ ಕೂತೆ. ನನ್ನ ಹೆಂಡತಿ ವಸುಧಾ ಬಾಗಿಲಲ್ಲಿ ನಿಂತು, "ಓಡ್ತಿರೋ ಗಾಡೀನ ಯಾಕ್ರೀ ಬಿಚ್ತೀರ? ಶನಿವಾರ ನನಗೆ ಬೇಕು" ಎಂದಳು. ಕಿವಿಯೊಳಗಿನ ಅಕ್ಕಿನುಚ್ಚಿನಷ್ಟಿರುವ ಮೂಳೆಯನ್ನೇ ಬದಲಿಸಿದ ಕೈಗಳಿವು, ಇದೇನು ಮಹಾ, ಎಂದೆ. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರು ಹೊಸ ಅಳಿಯನಂತೆ ಚುರುಕಾಗಿ ಎದ್ದು ಕೂತಿತು. ಪತ್ರಗಳು ತೆರೆದುಕೊಂಡವು, ಫೋಟೋಗಳು ಬಂದವು. ಸದ್ದು ಮಾತ್ರ ಇರಲಿಲ್ಲ. ಕೆಳಗಿನ ಮೂಲೆಯ ಸ್ಪೀಕರಿನ ಚಿತ್ರದ ಮೇಲೆ ಒಂದು ಕೆಂಪು ಅಡ್ಡಗೀಟು ಬಿದ್ದಿತ್ತು.

ಸದ್ದಿಲ್ಲದಿದ್ದರೆ ನಮ್ಮ ಮನೆಯಲ್ಲಿ ಬೇರೆ ದಿನವಾದರೆ ನಷ್ಟವೇನಿಲ್ಲ, ಸುದ್ದಿ ಕೇಳುವುದು ತಪ್ಪಿ ರಕ್ತದೊತ್ತಡ ಇಳಿಯುತ್ತದೆ. ಆದರೆ ಶನಿವಾರ ಹತ್ತು ಗಂಟೆಗೆ ವಸುಧಾಳ ದೇವರನಾಮದ ಪಾಠ. ಹ್ಯೂಸ್ಟನ್ನಿನ ಮೂವರು, ಆಸ್ಟಿನ್ನಿನ ಇಬ್ಬರು ವಿಡಿಯೋ ಕಾಲ್‌ನಲ್ಲಿ ಬಂದು ಕೂರುತ್ತಾರೆ. ಎಲ್ಲರೂ ಒಟ್ಟಿಗೆ ಹಾಡಿದರೆ ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬಂದು ತಲುಪಿ ಸಂತೆಯಾಗುತ್ತದೆಂದು, ತಮ್ಮ ತಮ್ಮ ಮೈಕ್ ಮುಚ್ಚಿಕೊಂಡು ಹಾಡುತ್ತಾರೆ. ವಸುಧಾ ಅವರ ತೊಡೆಯ ಮೇಲಿನ ತಾಳ ನೋಡುತ್ತಾಳೆ. ಆಮೇಲೆ ಒಬ್ಬೊಬ್ಬರನ್ನಾಗಿ ಹಾಡಿಸಿ, ತಿದ್ದುತ್ತಾಳೆ. ಭಾರತದಲ್ಲಿ ಎಂಥೆಂಥ ಗುರುಗಳ ಎದುರು ಕೂತವರೂ ಅವಳ ತಿದ್ದುಪಡಿಗೆ ಹೆದರುತ್ತಾರೆ. ನಾನಂತೂ ಬಚ್ಚಲಲ್ಲಿ ಹಾಡುವುದನ್ನೇ ಬಿಟ್ಟಿದ್ದೇನೆ.

ಆ ಶನಿವಾರ ಸುಮತಿಯವರು ತರಗತಿಗೆ ಮರಳುವವರಿದ್ದರು. ಅವರು ಉಡುಪಿ ಕಡೆಯವರು, ಹ್ಯೂಸ್ಟನ್ನಿನಲ್ಲಿ ಪೆಥಾಲಜಿಸ್ಟ್ ಆಗಿದ್ದು ನಿವೃತ್ತರಾದವರು. ಎರಡು ವರ್ಷದಿಂದ ಅವರ ಎರಡೂ ಕಿವಿ ಸೋತಿದ್ದವು. ಕೊನೆಗೆ ಆ ಬೇಸಿಗೆಯಲ್ಲಿ ಅಲ್ಲಿನ ಡಾಕ್ಟರೊಬ್ಬರು ಒಂದು ಕಿವಿಯ ಒಳಗೆ ಯಂತ್ರ ಕೂರಿಸಿದರು. ಹೊರಗಿನ ಪುಟ್ಟ ಮೈಕ್ ಸದ್ದು ಹಿಡಿಯುತ್ತದೆ, ಒಳಗಿನ ಎಳೆಯೊಂದು ಅದನ್ನು ನೇರವಾಗಿ ನರಕ್ಕೆ ತಲುಪಿಸುತ್ತದೆ. ದೇವರು ಸಾವಿರಾರು ಸೂಕ್ಷ್ಮ ಕೋಶಗಳನ್ನಿಟ್ಟು ಮಾಡಿಸುವ ಕೆಲಸವನ್ನು ಆ ಎಳೆಯ ಮೇಲಿನ ಇಪ್ಪತ್ತು ಚಿಲ್ಲರೆ ಲೋಹದ ಚುಕ್ಕೆಗಳು ಮಾಡಬೇಕು. ಮೊದಮೊದಲು ಮನುಷ್ಯರ ಮಾತು ತಗಡಿನ ಡಬ್ಬದೊಳಗೆ ಹಕ್ಕಿ ಕೂಗಿದ ಹಾಗೆ ಕೇಳುತ್ತದೆ. ಮಿದುಳು ಕೂತು, ದಿನದಿನವೂ ಕಲಿತು, ಅದರಲ್ಲಿ ಮಾತನ್ನು ಹುಡುಕಿಕೊಳ್ಳುತ್ತದೆ. ಎಷ್ಟು ಸಲ ಕಂಡರೂ ನನಗೆ ಮೈ ಜುಮ್ಮೆನ್ನುವ ಸಂಗತಿ ಇದು. ಆದರೆ ಸಂಗೀತ ಬೇರೆ ಮಾತು. ಸ್ವರದ ಏರಿಳಿತ ಆ ಚುಕ್ಕೆಗಳಿಗೆ ಸುಲಭಕ್ಕೆ ಸಿಗುವುದಿಲ್ಲ. ಸುಮತಿಯವರು ಫೋನಿನಲ್ಲಿ ಬರೆದು ಕೇಳಿದಾಗ, ಸಂಗೀತದ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ನಾನೇ ಬರೆದಿದ್ದೆ. ಅವರು ಅದಕ್ಕೆ ಉತ್ತರ ಕೊಡದೆ, ಶನಿವಾರ ಬರುತ್ತೇನೆಂದು ವಸುಧಾಳಿಗೆ ಬರೆದರು. ತಾವು ಹಾಡಿದ್ದು ಶ್ರುತಿಗೆ ಸೇರುತ್ತಿದೆಯೋ ಇಲ್ಲವೋ ಹೇಳಬಲ್ಲ ಒಂದೇ ಕಿವಿ ವಸುಧಾಳದು ಎಂದು ಅವರ ನಂಬಿಕೆ. ಆ ಕಿವಿಗೆ ಸದ್ದು ತಲುಪಿಸಬೇಕಾದ ಯಂತ್ರವನ್ನು ನಾನು ಮೂಕ ಮಾಡಿ ಕೂತಿದ್ದೆ.

ಗುರುವಾರ ಆಸ್ಟಿನ್ನಿನ ಕುಲಕರ್ಣಿಯವರಿಗೆ ಫೋನ್ ಮಾಡಿದೆ. ಧಾರವಾಡದವರು, ಇಡೀ ಜೀವನ ಚಿಪ್ ಡಿಸೈನ್ ಮಾಡಿದವರು, ಅದೂ ಸದ್ದಿನ ಚಿಪ್. ಕಂಪ್ಯೂಟರಿನ ಜೊತೆ ಬಂದಿದ್ದ ಪುಸ್ತಿಕೆ ಹುಡುಕಿ, ಅದರಲ್ಲಿ ಬರೆದಿರುವ ಸದ್ದಿನ ಚಿಪ್‌ನ ನಂಬರು ಓದಿ ಎಂದರು. ಓದಿದೆ. ಇನ್ನೊಮ್ಮೆ ಓದಿಸಿದರು.

"ಡಾಕ್ಟರ್ರ, ಅದು ನಮ್ಮ ಟೀಮಿಂದು ನೋಡ್ರಿ" ಎಂದರು. "ಎರಡು ವರ್ಷ ಅದರ ಮ್ಯಾಲೆ ಕೂತಿದ್ದೆ. ಎಲ್ಲಿ ಹೋತೋ, ಯಾರ ಮನ್ಯಾಗ ಐತೋ ಅಂತ ಎಂದೂ ಗೊತ್ತಾಗ್ಲಿಲ್ಲ."

ಇಷ್ಟು ವರ್ಷ ವಸುಧಾಳ ಶಿಷ್ಯೆಯರ ದನಿ ಬಂದದ್ದು, ಮೊಮ್ಮಗುವಿನ ಮೊದಲ ತೊದಲು ಕೇಳಿದ್ದು ಈ ಮನುಷ್ಯ ಗೀಚಿದ ಗೆರೆಗಳ ಮೂಲಕ. ನಮ್ಮನೆಗೆ ಎಷ್ಟೋ ಸಲ ಊಟಕ್ಕೆ ಬಂದವರು, ಮೇಜಿನ ಕೆಳಗೆ ತಮ್ಮದೇ ಕೂಸು ಇದೆಯೆಂದು ತಿಳಿಯದೆ ಬಿಸಿಬೇಳೆಬಾತ್ ಉಂಡು ಹೋಗಿದ್ದರು. ಹಾಗಾದರೆ ಇನ್ನೇನು, ತಂದೆಯೇ ಸಿಕ್ಕ ಮೇಲೆ ಮಗು ಮಾತಾಡದೆ ಇರುತ್ತದೆಯೇ ಎಂದುಕೊಂಡೆ. ಆದರೆ ಕುಲಕರ್ಣಿಯವರು, ಚಿಪ್ ಮಾಡುವುದು ಗೊತ್ತು, ಅದನ್ನು ಹೊಸ ಸಿಸ್ಟಮ್ಮಿಗೆ ಪರಿಚಯ ಮಾಡಿಸುವುದು ತಮಗೆ ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿಬಿಟ್ಟರು. ಆ ಪರಿಚಯ ಮಾಡಿಸುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರಂತೆ. ಇಬ್ಬರೂ ಫೋನ್ ಹಿಡಿದು ಅರ್ಧ ದಿನ ಹುಡುಕಿ, ಎರಡು ತಪ್ಪು ಡ್ರೈವರ್ ಹಾಕಿ ತೆಗೆದು, ಮೂರನೆಯದು ಹಾಕಿದೆವು. ಕೆಂಪು ಗೀಟು ಮಾಯವಾಯಿತು. ಹಾಡು ಹಚ್ಚಿದರೆ ಹಸಿರು ಪಟ್ಟಿಗಳು ಲಯಬದ್ಧವಾಗಿ ಏರಿಳಿದವು. ಸದ್ದು ಮಾತ್ರ ಬರಲಿಲ್ಲ. ಕುಲಕರ್ಣಿಯವರು ಶುಕ್ರವಾರವೂ ಫೋನ್ ಮಾಡಿ, ಆಸ್ಪತ್ರೆಯಲ್ಲಿರುವ ಮಗನನ್ನು ವಿಚಾರಿಸುವಂತೆ ವಿಚಾರಿಸಿದರು.

ಶನಿವಾರ ಬಂತು. ಫೋನಿನಲ್ಲೇ ಪಾಠ ಮಾಡಿಬಿಡಲೇ ಎಂದು ವಸುಧಾ ಯೋಚಿಸಿದ್ದಳು. ಹಿಂದೊಮ್ಮೆ ಮಾಡಿ ನೋಡಿದಾಗ ಫೋನು ತಂಬೂರಿಯ ನಾದವನ್ನು ಗದ್ದಲವೆಂದು ತಿಳಿದು ನುಂಗಿಹಾಕಿತ್ತು. ಜೊತೆಗೆ, ತುಟಿ ನೋಡಿ ಮಾತು ಹಿಡಿಯುವ ಸುಮತಿಯವರಿಗೆ ವಸುಧಾಳ ಮುಖ ಅಲುಗಾಡದೆ ಕಾಣಬೇಕು. ಐದೇ ನಿಮಿಷ ಕೊಡು ಎಂದು ನಾನು ಮೇಜಿನ ಕೆಳಗೆ ತೂರಿಕೊಂಡೆ. ಹತ್ತಕ್ಕೆ ಸರಿಯಾಗಿ ಐದು ಮುಖಗಳು ತೆರೆಯ ಮೇಲೆ ಮೂಡಿದವಂತೆ. ಎಲ್ಲರ ಬಾಯಿ ಆಡುತ್ತಿದೆ, ಏನೂ ಕೇಳುತ್ತಿಲ್ಲ ಎಂದು ವಸುಧಾ ಹೇಳಿದಳು. ನಾನು ಸ್ಪೀಕರಿನ ತಂತಿ ಕಿತ್ತು ಮತ್ತೆ ಚುಚ್ಚಿದೆ. ಆ ತಂತಿಗೂ, ಅದನ್ನು ಮಾಡಿದವನ ವಂಶಕ್ಕೂ ಮೈಸೂರಿನ ಭಾಷೆಯಲ್ಲಿ ಒಂದಿಷ್ಟು ಮರ್ಯಾದೆ ಮಾಡಿದೆ. ತಲೆ ಮೇಜಿಗೆ ತಾಗಿತು. ಆಗ, ಸಹಾಯ ಮಾಡುವ ಒಳ್ಳೆಯ ಉದ್ದೇಶದಿಂದಲೇ, ಕೆಳಗಿನಿಂದ ಗಟ್ಟಿಯಾಗಿ ಹೇಳಿದೆ:

"ಹೋಗ್ಲಿ ಬಿಡು ವಸುಧಾ. ಆ ಯಂತ್ರದಲ್ಲಿ ಅವರಿಗೆ ಸಂಗೀತ ಎಲ್ಲಿ ಕೇಳುತ್ತೆ ಪಾಪ? ಅವರು ಏನು ಹಾಡಿದ್ರೂ ತಲೆ ಆಡಿಸಿ, ಚೆನ್ನಾಗಿದೆ ಅಂದ್ಬಿಡು. ಸಮಾಧಾನ ಆಗುತ್ತೆ."

ವಸುಧಾಳ ಕಾಲು ನನ್ನ ಬೆನ್ನಿಗೆ ಒಂದು ಪೆಟ್ಟು ಕೊಟ್ಟಿತು. ಜಾಗ ಸಾಲದೆ ಇರಬೇಕೆಂದು ನಾನು ಸರಿದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು, ಸುಮತಿಯವರು ಏನೋ ಬರೆದಿದ್ದಾರೆ, ಬಂದು ನೋಡಿ ಎಂದಳು. ಹೊರಗೆ ಬಂದು ಕನ್ನಡಕ ಏರಿಸಿದೆ. ತೆರೆಯ ಬದಿಯಲ್ಲಿ ಅವರು ಬರೆದಿದ್ದರು: "ಹೋದ ವಾರ ಫೋನಿನ ಶಬ್ದ ನನ್ನ ಕಿವಿಯ ಮಿಷನ್ನಿಗೆ ಬಾರದೆ ಹೀಗೇ ಆಗಿತ್ತು ಡಾಕ್ಟ್ರೇ. ಶಬ್ದ ಇಲ್ಲ ಅಂತ ಅಲ್ಲ. ಶಬ್ದ ಬೇರೆ ಕಡೆಗೆ ಹೋಗ್ತಾ ಉಂಟು. ಎಲ್ಲಿಗೆ ಅಂತ ನೋಡಿ."

ಸ್ಪೀಕರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸದ್ದು ಹೋಗುವ ಜಾಗಗಳ ಪಟ್ಟಿ ತೆಗೆಯಲು ಅವರೇ ಬರೆದು ಹೇಳಿದರು. ತೆಗೆದೆ. ಅಲ್ಲಿ ಎರಡು ಹೆಸರಿದ್ದವು. ಕೆಳಗಿನದು ಸ್ಪೀಕರು. ಮೇಲಿನದು ಮಾನಿಟರು, ಅದರ ಎದುರು ಹಸಿರು ಟಿಕ್. ಚಿತ್ರ ಒಯ್ಯುವ ಕೇಬಲ್ಲಿನಲ್ಲಿ ಸದ್ದೂ ಹೋಗಬಲ್ಲದೆಂದು ಕಂಡುಕೊಂಡ ಹೊಸ ಸಿಸ್ಟಮ್ಮು, ಎಲ್ಲ ಸದ್ದನ್ನೂ ಮಾನಿಟರಿಗೆ ಕಳಿಸುತ್ತಿತ್ತು. ನಮ್ಮ ಮಾನಿಟರಿಗೋ ಸ್ಪೀಕರೇ ಇಲ್ಲ. ಡ್ರೈವರ್ ಹಾಕಿದಂದಿನಿಂದ ನಾನು ಹಚ್ಚಿದ ಹಾಡುಗಳು, ಈಗ ಐವರು ಹೆಂಗಸರ ಮಾತು, ಎಲ್ಲವೂ ಕೆಡದೆ, ಕುಂದದೆ, ನನ್ನ ಮೂಗಿನ ಮುಂದಿನ ಆ ಗಾಜಿನ ಹಿಂದಕ್ಕೆ ಬಂದು ತಲುಪುತ್ತಿತ್ತು. ಹೊರಗೆ ಬರಲು ಬಾಯಿರಲಿಲ್ಲ, ಅಷ್ಟೆ. ನಾನು ಸ್ಪೀಕರಿನ ಹೆಸರನ್ನು ಆರಿಸಿದೆ.

ಹ್ಯೂಸ್ಟನ್ನಿನ ಯಾವುದೋ ಮನೆಯ ಕುಕ್ಕರ್ ನಮ್ಮ ಕೋಣೆಯಲ್ಲಿ ಕೂಗಿತು. ಕಾರಿನಲ್ಲಿ ನಾಲ್ಕೂವರೆ ಗಂಟೆ ದೂರದ ಕುಕ್ಕರು! ಅಷ್ಟು ಇಂಪಾದ ಸದ್ದನ್ನು ನಾನು ಈಚೆಗೆ ಕೇಳಿರಲಿಲ್ಲ. ಕಣ್ಣು ಒದ್ದೆಯಾಯಿತು, ತಲೆಗೆ ತಾಗಿದ ನೋವಿನಿಂದ ಎಂದು ವಸುಧಾಳಿಗೆ ಹೇಳಿದೆ.

ಎಲ್ಲರೂ ಮೈಕ್ ಮುಚ್ಚಿದರು, ಸುಮತಿಯವರೊಬ್ಬರೇ ತೆರೆದಿಟ್ಟರು. ತಂಬೂರಿ ಹಚ್ಚಿ, ವಸುಧಾ ಮೋಹನ ರಾಗದ ಒಂದು ಸಾಲು ಹಾಡಿ ಬಿಟ್ಟಳು. ಅವರು ಕಣ್ಣು ಮುಚ್ಚಿಕೊಂಡರು. ತುಟಿ ನೋಡುವುದನ್ನೂ ಬಿಟ್ಟರಲ್ಲ ಎಂದುಕೊಂಡೆ. ಷಡ್ಜ ಹುಡುಕಿದರು, ತಪ್ಪಿತು, ಸ್ವಲ್ಪ ಜರುಗಿತು, ಸಿಕ್ಕಿತು. ಕತ್ತಲೆಯಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುವವರ ಹಾಗೆ ಒಂದೊಂದೇ ಸ್ವರ ಹಿಡಿದು ಸಾಲು ಮುಗಿಸಿದರು. ನಾನು ಓದಿದ ಯಾವ ಪುಸ್ತಕವೂ ಇಷ್ಟು ಬೇಗ ಇದಾಗುತ್ತದೆಂದು ಹೇಳಿರಲಿಲ್ಲ. ಇಪ್ಪತ್ತು ಚಿಲ್ಲರೆ ಚುಕ್ಕೆಗಳಿಂದ ಆ ಹೆಂಗಸು ಒಂದು ರಾಗವನ್ನು ಕಟ್ಟುತ್ತಿದ್ದರು. ನನಗೆ ಎದ್ದು ನಿಲ್ಲಬೇಕೆನ್ನಿಸಿತು, ನಿಂತೆ.

ವಸುಧಾ ಮಾತ್ರ ಎಂದಿನ ಮುಖದಲ್ಲೇ ಇದ್ದಳು. "ಗಾಂಧಾರ ಇಳೀತಾ ಇದೆ ಸುಮತಿ. ಸರಿಯಿಲ್ಲ. ಇನ್ನೊಂದ್ಸಲ."

ಸುಮತಿಯವರ ಮುಖ ಅರಳಿತು. ಮತ್ತೆ ಹಾಡಿದರು, ಮತ್ತೆ ಬೈಸಿಕೊಂಡರು. ಏಳನೆಯ ಸಲಕ್ಕೆ ಗಾಂಧಾರ ನಿಂತಿತು. ವಸುಧಾ "ಹ್ಞಾಂ" ಎಂದಳು. ಅವಳ ಹತ್ತಿರ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

"ಥ್ಯಾಂಕ್ಸ್ ಟೀಚರ್" ಎಂದರು ಸುಮತಿಯವರು, ಕಣ್ಣೊರೆಸಿಕೊಂಡು. "ಸಮಾಧಾನಕ್ಕೆ ಚೆನ್ನಾಗಿದೆ ಅಂತ ಹೇಳ್ಲಿಲ್ಲ ಅಲ್ಲ, ಅದೇ ಸಾಕು ನಂಗೆ. ಮತ್ತೆ, ಡಾಕ್ಟ್ರ ತಲೆಗೆ ತುಂಬಾ ಪೆಟ್ಟಾಗಿದ್ಯಾ?"

ಆಗ ನೆನಪಾಯಿತು, ಮೈಕು ಇರುವುದು ಮಾನಿಟರಿನ ತಲೆಯ ಮೇಲಿನ ಕ್ಯಾಮೆರಾದಲ್ಲಿ. ಅದಕ್ಕೆ ಏನೂ ಆಗಿರಲಿಲ್ಲ, ಮೊದಲಿನಿಂದಲೂ ತೆರೆದೇ ಇತ್ತು. ಕಿವಿ ಕೇಳದವರು ಹೀಗೇ: ತಮಗೆ ಕೇಳದ್ದು ಊರಿಗೇ ಕೇಳದು ಎಂದು ತಿಳಿದು, ಗುಟ್ಟನ್ನು ಗಟ್ಟಿಯಾಗಿ ಹೇಳುತ್ತಾರೆ. ಅಂಥವರನ್ನು ಮೂವತ್ತು ವರ್ಷದಿಂದ ನೋಡಿದ್ದೇನೆ, ಮನೆಗೆ ಬಂದು ನಕ್ಕಿದ್ದೇನೆ. ಇಲ್ಲ, ಹೆಚ್ಚೇನೂ ಪೆಟ್ಟಾಗಿಲ್ಲ ಎಂದೆ. ಅದು ಸಹ ಅವರಿಗೆ ಸ್ಪಷ್ಟವಾಗಿ ಕೇಳಿಸಿತು.