ಜೋರಮ್ಮನ ಅಕ್ಷರ

ಫಾಂಟ್ ಮಾಡುವವನ ಕಣ್ಣು ಸ್ವಲ್ಪ ಕೆಟ್ಟಿರುತ್ತದೆ. ದಿಲ್ಲಿಯ ಪೀತಮ್‌ಪುರದ ನಮ್ಮ ಬಿಲ್ಡಿಂಗಿನ ಗಾರ್ಡ್ ಎದುರಾದರೆ ನನಗೆ ಕಾಣುವುದು ಅವನ ಮೀಸೆಯಲ್ಲ, ಅಳತೆ ತಪ್ಪಿದ ಎರಡು ತಲೆಕಟ್ಟು. ಕಂಪ್ಯೂಟರಿಗೆ ಹೊಸ ಹೊಸ ರೂಪದ ಕನ್ನಡ ಅಕ್ಷರ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಊರಿನ ಮದುವೆಮನೆಗಳಲ್ಲಿ ಇದನ್ನು ವಿವರಿಸಿ ಸೋತಿದ್ದೇನೆ. "ಅಕ್ಷರ ಆಗಲೇ ಇವೆಯಲ್ಲೋ, ನೀನೇನು ಮಾಡ್ತೀಯ?" ಎಂದು ಸೋದರಮಾವ ಕೇಳಿದ್ದುಂಟು.

ಇಷ್ಟು ವರ್ಷ ಬ್ಯಾಂಕಿನ ಫಾರಂಗೆ, ಬಿಸ್ಕತ್ತಿನ ಪೊಟ್ಟಣಕ್ಕೆ ಅಕ್ಷರ ಬರೆದವನು ಈಚೆಗೆ ನನಗಾಗಿಯೇ ಒಂದು ಫಾಂಟ್ ಮಾಡಲು ಹೊರಟೆ. ಅದು ಜೋರಮ್ಮನದು. ಜೋರಮ್ಮ ಎಂಬವರು ಯಾರೂ ಇಲ್ಲ. ನನ್ನ ಹೆಂಡತಿ ಸುಮ ಮಗಳಿಗೆ ಊಟ ಮಾಡಿಸಲು ಕಟ್ಟಿದ ಕತೆಯ ಹೆಂಗಸು ಅವಳು. ದಿಲ್ಲಿಯ ಆಟೋದವನ ಜೊತೆ, ತರಕಾರಿ ಭಯ್ಯಾನ ಜೊತೆ ಅಚ್ಚ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದಳು. ಸುಮ ತೀರಿಕೊಂಡು ಎರಡು ವರ್ಷವಾಯಿತು. ಮಗಳು ಅನುವಿಗೆ ಈಗ ಹನ್ನೊಂದು. ಅವಳ ಬಾಯಲ್ಲಿ ಕನ್ನಡ ದಿನೇ ದಿನೇ ಕಡಿಮೆಯಾಗುತ್ತಿದೆ. ಜೋರಮ್ಮನೂ ಹೋಗಿಬಿಟ್ಟರೆ ಸುಮಳ ದನಿ ಈ ಮನೆಯಲ್ಲಿ ಪೂರ್ತಿ ನಿಂತುಹೋಗುತ್ತದೆಂದು ನನಗೆ ಹೆದರಿಕೆಯಾಯಿತು. ನೆನಪಿದ್ದಷ್ಟು ಕತೆಗಳನ್ನು ಜೋರಮ್ಮನಿಗೆ ಒಪ್ಪುವ ಅಕ್ಷರದಲ್ಲೇ ಪುಸ್ತಕ ಮಾಡಿ ಅನುವಿಗೆ ಕೊಡೋಣವೆಂದುಕೊಂಡೆ.

ಬರೆದೆ. ಗೆರೆ ದಪ್ಪ, ತಲೆಕಟ್ಟು ಹುಬ್ಬೇರಿಸಿದಂತೆ. ಒತ್ತಕ್ಷರಗಳು ಮೆಟ್ರೋದಲ್ಲಿ ಸೀಟು ಹಿಡಿದವರಂತೆ ಮೊಣಕೈ ಚಾಚಿ ಕೂತವು. ನೋಯ್ಡಾದ ನಮ್ಮ ಆಫೀಸಿನ ರೋಹಿತ್‌ಗೆ ಕನ್ನಡದ ಒಂದಕ್ಷರ ಬಾರದು. ಅವನೂ ನೋಡಿ, "ಅಚ್ಛಾ, ಯೇ ಆಂಟಿ ಕಿಸೀ ಸೇ ಲಡ್ ರಹೀ ಹೈ" ಎಂದ. ಯಾರ ಜೊತೆಗೋ ಜಗಳಕ್ಕೆ ನಿಂತಿದ್ದಾಳೆಂದು ಅವನಿಗೂ ಗೊತ್ತಾಯಿತಲ್ಲ ಎಂದು ನಾನು ಉಬ್ಬಿಹೋದೆ.

ಭಾನುವಾರ ಒಂದು ಕತೆಯ ಪ್ರಿಂಟ್ ತೆಗೆದು ಅನುವಿನ ಮುಂದಿಟ್ಟೆ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಅಪ್ಪ, ಇವಳು ಜೋರಮ್ಮ ಅಲ್ಲ. ಇವಳು ಸಿರ್ಫ್ ಜಗಳ ಅಷ್ಟೇ ಮಾಡ್ತಾಳೆ."

"ಜೋರಮ್ಮ ಇನ್ನೇನು ಮಾಡ್ತಿದ್ಲು?"

"ಗೆದ್ದು ಮನೆಗೆ ಬಂದು ಬಾಲ್ಕನಿಯಲ್ಲಿ ಅಳ್ತಿದ್ಲು. ಎಲ್ಲಾ ಕತೆಯಲ್ಲೂ, ಲಾಸ್ಟ್‌ನಲ್ಲಿ. ಅವಳಿಗೆ ಮಾತಾಡೋಕೆ ಯಾರೂ ಇರ್ಲಿಲ್ಲ ನಾ, ಅದಕ್ಕೇ ಜಗಳ ಮಾಡ್ತಿದ್ಲು."

ಸುಮ ಕತೆ ಹೇಳುವಾಗ ನನಗೆ ಅಡುಗೆಮನೆಯಿಂದ ಕೇಳುತ್ತಿದ್ದುದು ಜೋರಮ್ಮನ ಜಗಳ, ಆಮೇಲೆ ಅನುವಿನ ನಗು. ಇಬ್ಬರೂ ಖುಷಿಯಾಗಿದ್ದಾರೆಂದು ನಾನು ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದೆ. ಪ್ರಿಂಟನ್ನು ಮಡಿಸುತ್ತ ಕೇಳಿದೆ, "ಜೋರಮ್ಮನಿಗೆ ಗಂಡ ಇರ್ಲಿಲ್ವಾ?"

"ಇದ್ದ. ತುಂಬಾ ಒಳ್ಳೆಯವನು ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ಲು. ಆದ್ರೆ ಮಾತೇ ಆಡ್ತಿರ್ಲಿಲ್ಲ."

ಈಗ ಜೋರಮ್ಮನನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಜೋರಾಗಿ ಹೊರಟ ಗೆರೆ ಕೊನೆಯಲ್ಲಿ ತೆಳ್ಳಗಾಗಬೇಕು, ಎಷ್ಟು ಎಂಬುದು ಇನ್ನೂ ಕೈಗೆ ಸಿಕ್ಕಿಲ್ಲ. ಅನು ದಿನಾ ಬಂದು ನೋಡಿ, ಇಲ್ಲವೆಂದು ತಲೆಯಾಡಿಸಿ ಹೋಗುತ್ತಾಳೆ. ನಿನ್ನೆ, "ಗಂಡನಿಗೂ ಬೇರೆ ಫಾಂಟ್ ಮಾಡ್ತೀಯಾ?" ಎಂದು ಕೇಳಿದಳು. ಬೇಡ ಎಂದೆ. ಕಂಪ್ಯೂಟರ್ ಕೊಳ್ಳುವಾಗಲೇ ಅದರೊಳಗೆ ಬಂದಿರುತ್ತದಲ್ಲ, ಯಾರೂ ಆರಿಸಿಕೊಳ್ಳದ, ಯಾರಿಗೂ ತೊಂದರೆ ಕೊಡದ ಒಂದು ಫಾಂಟು, ಅವನಿಗೆ ಅದೇ ಸಾಕು.