ನೀಲಿ ತಗಡಿನ ಒಂದು, ಎರಡು, ಮೂರು

ನೀರಿನ ಡ್ರಮ್ಮಿಗೆ ಒಂದು ಮುಚ್ಚಳ ಬೇಕು ಎಂದು ಹೆಂಡತಿ ಮೂರು ದಿನ ಹೇಳಿದ್ದಳು. ನಾಲ್ಕನೆಯ ದಿನ ಅವಳು ಹೇಳುವುದನ್ನು ನಿಲ್ಲಿಸಿದಾಗ ಸೊನ್ನೆಯಣ್ಣನಿಗೆ ಭಯವಾಯಿತು. ಫುಟ್‌ಬಾಲ್ ಮೈದಾನಕ್ಕೆ ಹೋಗಿ, ಅಂಕದ ಹಲಗೆಯ ಕೆಳಗಿನ ಪೆಟ್ಟಿಗೆಯಿಂದ 1 ಎಂದು ಬರೆದ ನೀಲಿ ತಗಡನ್ನು ತೆಗೆದು ತಂದು ಡ್ರಮ್ಮಿನ ಮೇಲಿಟ್ಟ. ಅಳತೆ ಮಾಡಿಸಿದಂತೆ ಕೂತಿತು. ಎಲ್ಲ ಆರಂಭವಾದದ್ದು ಅಲ್ಲಿಂದ.

ಹಲಗೆಯ ಮೇಲೆ ಎರಡು ಕೊಕ್ಕೆಗಳು. ಎಡಗಡೆಯದಕ್ಕೆ ನಮ್ಮವರ ಗೋಲಿನ ನೀಲಿ ತಗಡು, ಬಲಗಡೆಯದಕ್ಕೆ ಹೊರಗಿನಿಂದ ಬಂದವರ ಕೆಂಪು ತಗಡು. ಕೆಂಪು ತಗಡುಗಳು ಇಳಿಸಿ ಏರಿಸಿ ಬಣ್ಣ ಕಳೆದುಕೊಂಡು, ತೊಳೆದು ಸವೆದ ತಟ್ಟೆಗಳಂತಾಗಿದ್ದವು. ನೀಲಿಯಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಸೊನ್ನೆಯೊಂದೇ. ಎಂಟು ವರ್ಷದಿಂದ ಪಂದ್ಯಕ್ಕೆ ಮೊದಲು ತೂಗಾಡುವ ಅದನ್ನು ಇದ್ದಲ್ಲೇ ಒರೆಸುವುದು, ಪಂದ್ಯ ಮುಗಿದ ಮೇಲೆ ಒಮ್ಮೆ ನೋಡಿ ಮನೆಗೆ ಹೋಗುವುದು, ಇಷ್ಟೇ ಅವನ ಕೆಲಸವಾಗಿತ್ತು. ಹೀಗಾಗಿ ಊರು ಅವನಿಗೆ ಸೊನ್ನೆಯಣ್ಣ ಎಂದು ಹೆಸರಿಟ್ಟಿತ್ತು. ಸುಮ್ಮನೆ ಬಿದ್ದ ತಗಡಿಗೆ ಕೇಳುವವರು ಬಹಳ. 2 ನಿವೃತ್ತ ಮೇಷ್ಟ್ರ ಮನೆಗೆ ಹೋಯಿತು, 3 ಕ್ಷೌರದಂಗಡಿಗೆ. ಕೇಳಿದವರಿಗೆ ಇಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ.

ಅವನ ಹೊಟ್ಟೆಪಾಡು ಪುಸ್ತಕಗಳಿಗೆ ಬೈಂಡ್ ಹಾಕುವುದು. ಅಂಗಡಿ ಮೈದಾನದ ಗೇಟಿನ ಎದುರಿಗೇ ಇತ್ತು. ಇಂಥ ಸೋಲುಬುರುಕ ಕ್ಲಬ್ಬಿಗೆ ಯಾಕಪ್ಪಾ ಅಂಟಿಕೊಂಡಿದ್ದೀಯ ಎಂದು ಯಾರಾದರೂ ಕೇಳಿದರೆ ಅವನು ಒಂದೇ ಕಥೆ ಹೇಳುತ್ತಿದ್ದ. ಒಂದು ಸಲ ಜ್ವರ ಬಂದು ಅವನು ತಿಂಗಳುಗಟ್ಟಲೆ ಮಲಗಿದ್ದ. ಶಾಲೆಯ ನಾನೂರು ಪುಸ್ತಕಗಳು ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಆಗ ಹನ್ನೊಂದು ಜನ ಆಟಗಾರರೂ ಅಭ್ಯಾಸ ಬಿಟ್ಟು ಬಂದು, ಗೋಂದು ಕಲಸಿ, ದಾರ ಹೊಲಿದು, ಅಷ್ಟನ್ನೂ ಮುಗಿಸಿಕೊಟ್ಟಿದ್ದರು. ಆ ವರ್ಷ ಮಕ್ಕಳು ಭಾಗಾಕಾರದ ನಡುವೆ ನದಿಗಳನ್ನು ಓದಿದರು, ನಿಜ. ಒಂದು ಪುಸ್ತಕಕ್ಕೆ ಗೋಲ್‌ಕೀಪರನ ಅಂಗಿಯ ತೋಳೂ ಸೇರಿ ಹೊಲಿದುಹೋಗಿತ್ತು, ಅದೂ ನಿಜ. ಆದರೆ ಅವನ ಅಂಗಡಿ ಉಳಿಯಿತು. ತನಗೆ ಬೇರೆ ಏನೂ ಆಸೆಯಿಲ್ಲ, ಈ ಹುಡುಗರು ಗೆಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಸಾಕು ಎನ್ನುತ್ತಿದ್ದ.

ಪಂದ್ಯದ ದಿನ ಬೆಳಿಗ್ಗೆ ಕ್ಯಾಪ್ಟನ್ ಅಂಗಡಿಗೆ ಬಂದ. ಅವನು ಬೇಕರಿಯವನು, ಮೊಣಕೈವರೆಗೂ ಹಿಟ್ಟು.

“ಅಣ್ಣಾ, ಇವತ್ತು ಕೊನೇ ಪಂದ್ಯ. ಗೆದ್ರೆ ಲೀಗ್‌ನಲ್ಲಿ ಉಳೀತೀವಿ. ಸೋತ್ರೂ ಹೋದ್ವಿ, ಸಮ ಆದ್ರೂ ಹೋದ್ವಿ. ಕ್ಲಬ್ಬು ಮುಚ್ಚಿ ಮೈದಾನದಲ್ಲಿ ಲಾರಿ ನಿಲ್ಲಿಸ್ತಾರಂತೆ.”

“ಬಿಡ್ತು ಅನ್ನು.”

“ಲೀಗ್‌ನಿಂದ ಒಬ್ರು ಸಾಹೇಬ್ರು ಬೇರೆ ಬರ್ತಿದಾರೆ, ಮೈದಾನ ಸರಿಯಾಗಿದೆಯಾ ಅಂತ ನೋಡೋಕೆ. ಬಲೆ, ಗೆರೆ, ಹಲಗೆ ಎಲ್ಲಾ ನೋಡ್ತಾರೆ. ನಿಮ್ಮ ಹಲಗೆ ಸರಿ ಇದೆ ತಾನೆ?”

“ಹೊಳೀತಾ ಇದೆ ಕಣಯ್ಯಾ. ಸೊನ್ನೇನೂ ಒರೆಸಿಟ್ಟಿದೀನಿ,” ಎಂದುಬಿಟ್ಟ ಸೊನ್ನೆಯಣ್ಣ.

ಕ್ಯಾಪ್ಟನ್ ಬೇಕರಿಗೆ ವಾಪಸಾದ. ಗೆಲ್ಲಬೇಕಾದರೆ ಗೋಲು ಬೇಕು, ಗೋಲಾದರೆ ತಗಡು ಬೇಕು ಎಂಬುದು ಆಗಲೂ ಸೊನ್ನೆಯಣ್ಣನಿಗೆ ಹೊಳೆಯಲಿಲ್ಲ. ನಿಷ್ಠೆಯೇ ಬೇರೆ, ನಂಬಿಕೆಯೇ ಬೇರೆ. ಅವನ ಬಳಿ ಮೊದಲನೆಯದು ಬೇಕಾದಷ್ಟಿತ್ತು.

ಮಧ್ಯಾಹ್ನ ಸಾಹೇಬರು ಬಂದರು. ಸಣ್ಣ ಆಳು, ದಪ್ಪ ನಿಯಮಾವಳಿ. ಅದರ ಬೈಂಡ್ ಸಡಿಲವಾಗಿರುವುದನ್ನು ಸೊನ್ನೆಯಣ್ಣ ಮೊದಲ ನೋಟಕ್ಕೇ ಗಮನಿಸಿ ಮರುಗಿದ.

“ಹಲಗೆ ನಿಮ್ಮದೋ? ಸೀಟಿ ಊದಿ ಪಂದ್ಯ ಮುಗಿಯೋ ಹೊತ್ತಿಗೆ ಇದರ ಮೇಲೆ ಸರಿಯಾದ ಅಂಕ ಇರಬೇಕು. ಇಲ್ದಿದ್ರೆ ಇದು ಲೀಗ್ ಮೈದಾನವೇ ಅಲ್ಲ ಅಂತ ಬರೀತೀನಿ. ಸೀಮೆಸುಣ್ಣದಲ್ಲಿ ಗೀಚೋದೆಲ್ಲ ನಡೆಯಲ್ಲ. ತಗಡೇ ಆಗಬೇಕು, ಬಣ್ಣಾನೂ ಅದೇ ಇರಬೇಕು. ಅಂದ ಹಾಗೆ, ನಾನು ಎಲ್ಲಿ ಕೂತ್ಕೊಳ್ಳಲಿ?”

ಕುರ್ಚಿಯಿರಲಿಲ್ಲ. ಅತ್ತ ಆಟ ಶುರುವಾಗಿತ್ತು. ಸೊನ್ನೆಯಣ್ಣ ತನ್ನ ಅಂಗಡಿಗೆ ಓಡಿದ. ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಇಳಿಸುತ್ತಿರುವಾಗ ಮೈದಾನದಲ್ಲಿ ಹೋ ಎಂದು ಕೂಗೆದ್ದಿತು. ‘ಆಯ್ತು, ಶುರುವಾಯ್ತು ನಮ್ಮ ಗ್ರಹಚಾರ,’ ಎಂದುಕೊಂಡು ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಬಂದ. ಸಾಹೇಬರನ್ನು ಕೂರಿಸಿ, ಯಾರನ್ನೂ ಕೇಳದೆ, ಅಭ್ಯಾಸಬಲದಿಂದ ಕೆಂಪು 1 ಅನ್ನು ಎತ್ತಿ ಬಲಗಡೆಗೆ ತೂಗುಹಾಕಿದ.

“ಯೋವ್, ಸೊನ್ನೆಯಣ್ಣಾ!” ಇಡೀ ಗ್ಯಾಲರಿ ಕಿರುಚಿತು. ಇಡೀ ಗ್ಯಾಲರಿ ಎಂದರೆ ಇಪ್ಪತ್ಮೂರು ಜನ. “ಹೊಡೆದದ್ದು ನಾವು ಕಣೋ!”

“ನಾವು ಅಂದ್ರೆ?”

“ನಾವು ಅಂದ್ರೆ ನಾವೇ!”

ಇಳಿಸಹೊರಟ ಕೆಂಪು ತಗಡು ಅವನ ಕಾಲ ಮೇಲೆ ಬಿತ್ತು. ನೋವೇ ಗೊತ್ತಾಗಲಿಲ್ಲ. ಇಷ್ಟು ವರ್ಷ ಕಾದ ಗೋಲು ತಾನು ಪುಸ್ತಕ ಇಳಿಸುತ್ತಿದ್ದಾಗ ಆಗಿಹೋಗಿತ್ತು. ಇರಲಿ, ಆಯಿತಲ್ಲ! ನೀಲಿ 1 ಹಾಕೋಣ ಎಂದು ಪೆಟ್ಟಿಗೆಗೆ ಕೈಹಾಕಿದ. 4 ಸಿಕ್ಕಿತು. 5, 6, 7 ಸಿಕ್ಕವು. ಅವೆಲ್ಲ ಪೇಂಟರ್ ಸುತ್ತಿಕೊಟ್ಟ ಕಾಗದವನ್ನೂ ಬಿಚ್ಚಿರಲಿಲ್ಲ. ಸೊನ್ನೆಯಣ್ಣನಿಗೆ ಮನೆಯ ಡ್ರಮ್ಮು ನೆನಪಾಯಿತು.

ಸಾಹೇಬರು ಕೈಗಡಿಯಾರ ನೋಡಿದರು. ಅವನು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ.

ಹೆಂಡತಿ ಡ್ರಮ್ಮಿನ ಮೇಲೆ ಬಕೆಟ್ಟು, ಬಕೆಟ್ಟಿನ ಮೇಲೆ ತೊಳೆದ ಪಾತ್ರೆಗಳನ್ನು ಕವುಚಿ ಹಾಕಿದ್ದಳು.

“ತೆಗಿಯೇ, ತೆಗಿ! ನಮ್ಮವರು ಗೋಲು ಹೊಡೆದ್ರು!”

“ಬಿಸಿಲಲ್ಲಿ ಬಂದಿದೀರಿ, ಕೂತ್ಕೊಳ್ಳಿ ಮೊದ್ಲು,” ಎಂದು ಅವಳು ಅವನ ಹಣೆ ಮುಟ್ಟಿ ನೋಡಿದಳು. ಹಳೆಯ ಜ್ವರ ಮರುಕಳಿಸಿತು ಎಂದೇ ಅವಳ ಲೆಕ್ಕ.

“ನನಗೇನೂ ಆಗಿಲ್ವೇ! ಆ ತಗಡು ಬೇಕು!”

“ನೀರಿಗೆ ಕಸ ಬೀಳಲ್ವಾ?”

“ಬೀಳಲಿ! ಸೋಸ್ಕೊಂಡು ಕುಡಿಯೋಣ!”

ಪಾತ್ರೆಗಳನ್ನು ಒಂದೊಂದಾಗಿ ಇಳಿಸುವಷ್ಟರಲ್ಲಿ ದೂರದಿಂದ ಇನ್ನೊಂದು ಕೂಗು. ಎದುರಾಳಿಯ ಗೋಲಿಗೆ ಈ ಊರಿನಲ್ಲಿ ಏಳುವುದು ನಿಟ್ಟುಸಿರು. ಇದು ಹಾಗಿರಲಿಲ್ಲ. ಅಭ್ಯಾಸವಿಲ್ಲದ ಗಂಟಲಿನಿಂದ ಬರುವ, ಅರ್ಧಕ್ಕೆ ಒಡೆದು ಕೆಮ್ಮಾಗುವ ಕೂಗು.

“ಎರಡಾಯ್ತು ಅನ್ಸುತ್ತೆ,” ಎಂದಳು ಹೆಂಡತಿ. “ಮೇಷ್ಟ್ರ ಮನೇಲಿ ಎರಡಿದೆಯಲ್ಲ, ಹಾಗೇ ಇಸ್ಕೊಂಡು ಹೋಗಿ.”

“ಎರಡಾ! ಆಸೆಗೂ ಒಂದು ಮಿತಿ ಬೇಡ್ವೇನೇ?” ಎಂದು ಬಯ್ದು ಅವನು ಒಂದನ್ನು ಎದೆಗವಚಿಕೊಂಡು ಮೈದಾನಕ್ಕೆ ಓಡಿದ.

ಎರಡೇ ಆಗಿತ್ತು. ಆದರೂ ತಂದದ್ದನ್ನು ಹಾಕೋಣವೆಂದು ಸೊನ್ನೆಯನ್ನು ಎಳೆದರೆ ಅದು ಬರಲೊಲ್ಲದು. ವರ್ಷಗಟ್ಟಲೆ ನೇತಾಡಿ ಕೊಕ್ಕೆಗೆ ತುಕ್ಕು ಹಿಡಿದು, ಬಾಡಿಗೆಯವನು ಮನೆಯನ್ನೇ ತನ್ನದೆಂದುಕೊಂಡಂತೆ ಕೂತುಬಿಟ್ಟಿತ್ತು. ಇಬ್ಬರು ಪ್ರೇಕ್ಷಕರು ಅವನ ಸೊಂಟ ಹಿಡಿದು ಎಳೆದ ಮೇಲೆ ಕಿತ್ತುಬಂತು. ಒಂದು ಏರಿತು. ಸೊನ್ನೆಯಣ್ಣ ಎರಡು ಹೆಜ್ಜೆ ಹಿಂದೆ ಸರಿದು ಹಲಗೆಯನ್ನು ನೋಡಿದ. ಕಣ್ಣು ಮಂಜಾಯಿತು.

ಇನ್ನಾದರೂ ಕಣ್ಣಾರೆ ಆಟ ನೋಡೋಣವೆಂದು ಹಲಗೆಯ ಪಕ್ಕ ನಿಂತ. ನಿಂತು ಹತ್ತು ನಿಮಿಷವಾಗಿರಲಿಲ್ಲ, ಹೊರಗಿನವರು ಒಂದು ಗೋಲು ಹೊಡೆದರು. ಕೆಂಪು 1 ಹಾಕಿದ. ವಿರಾಮ ಕಳೆದು, ಆಟ ಮುಗಿಯಲು ಅರ್ಧ ಗಂಟೆಯಿದೆ ಎನ್ನುವಾಗ ಇನ್ನೊಂದು ಹೊಡೆದರು. ಕೆಂಪು 2 ಹಾಕಿದ. ಆಟ ಎರಡಕ್ಕೆ ಎರಡು, ಹಲಗೆಯ ಮೇಲೆ ಮಾತ್ರ ಒಂದಕ್ಕೆ ಎರಡು.

“ಏನ್ರೀ ಇದು?” ಎಂದರು ಸಾಹೇಬರು. “ನಿಮ್ಮೂರಲ್ಲಿ ಬಂದವರಿಗೇ ಹೆಚ್ಚು ಮರ್ಯಾದೆಯೋ?”

ಸೊನ್ನೆಯಣ್ಣ ಮೇಷ್ಟ್ರ ಮನೆಗೆ ಓಡಿದ.

ಮೇಷ್ಟ್ರು 2 ಎಂಬ ತಗಡನ್ನು ಮನೆಯ ನಂಬರಾಗಿ ಗೇಟಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿಸಿದ್ದರು.

“ಇದನ್ನ ತೆಗೆದ್ರೆ ಇದು ನನ್ನ ಮನೆ ಅಂತ ಹೇಗಯ್ಯಾ ಗೊತ್ತಾಗುತ್ತೆ?”

“ಮೂವತ್ತು ವರ್ಷದಿಂದ ಇಲ್ಲೇ ಇದೀರಲ್ಲ ಮೇಷ್ಟ್ರೇ!”

“ನನಗಲ್ಲ ಕಣೋ ಪೆದ್ದ, ಪೋಸ್ಟಿನವನಿಗೆ. ಆಗಲಿ, ಒಂದು ಅರ್ಜಿ ಬರೆದುಕೊಡು, ಇಂಥಾ ದಿನ ವಾಪಸ್ ಕೊಡ್ತೀನಿ ಅಂತ.”

ಸೊನ್ನೆಯಣ್ಣ ಜಗಲಿಯ ಮೇಲೆ ಕೂತು ಗಡಿಬಿಡಿಯಲ್ಲಿ ಬರೆದ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

“ಕಾರಣ ಬರೆದಿಲ್ಲ.”

“ಕಾರಣ ಗೋಲು, ಮೇಷ್ಟ್ರೇ.”

“ಬರೀ ಗೋಲು ಅಂದ್ರೆ ಸಾಲದು. ಎಷ್ಟು, ಯಾವಾಗ, ಎಲ್ಲಿ? ವಿವರವಾಗಿ ಬರಿ.”

‘ಈ ದಿನ ಮಧ್ಯಾಹ್ನ ಎರಡು ಗೋಲುಗಳು’ ಎಂದು ಬರೆಯುತ್ತಿದ್ದಂತೆ ಮೈದಾನದಿಂದ ಮತ್ತದೇ ಒಡೆದ ಕೂಗು.

“ಏನದು ಗಲಾಟೆ?” ಎಂದರು ಮೇಷ್ಟ್ರು.

“ಕಾರಣ ಇನ್ನೊಂದು ಜಾಸ್ತಿಯಾಯ್ತು ಮೇಷ್ಟ್ರೇ,” ಎಂದು ಸೊನ್ನೆಯಣ್ಣ ಪೆನ್ನನ್ನೂ ಅರ್ಜಿಯನ್ನೂ ಅವರ ಕೈಗೆ ತುರುಕಿ, 2 ಅನ್ನು ಗೇಟಿನಲ್ಲೇ ಬಿಟ್ಟು, ನೇರ ಕ್ಷೌರದಂಗಡಿಯತ್ತ ಕಾಲು ಕಿತ್ತ. ಈ ಸಲ ಅವನ ಬುದ್ಧಿ ಕಾಲಿಗಿಂತ ಮುಂದೆ ಓಡಿತ್ತು.

ಕ್ಷೌರದಂಗಡಿ ಬಸ್ ಸ್ಟ್ಯಾಂಡಿನ ಪಕ್ಕ. ಅಲ್ಲಿ 3 ಇದ್ದದ್ದು ಗೋಡೆಗನ್ನಡಿಯ ಬೆನ್ನಿಗೆ ಒತ್ತಾಗಿ. ಅದನ್ನು ತೆಗೆದರೆ ಕನ್ನಡಿ ಬೀಳುತ್ತದೆ. ಕುರ್ಚಿಯಲ್ಲಿ ಒಬ್ಬ ಗಿರಾಕಿ ಅರ್ಧ ಗಡ್ಡ ತೆಗೆಸಿಕೊಂಡು, ಇನ್ನರ್ಧಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ.

“ಮೂರಾ?” ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ. “ನಮ್ಮವರಿಗಾ? ಅಣ್ಣಾ, ಹುಷಾರಾಗಿದೀರಾ?”

“ಎಲ್ಲರೂ ಅದನ್ನೇ ಕೇಳ್ತೀರಲ್ರೋ! ಕೊಡಪ್ಪಾ, ಸಮಯವಿಲ್ಲ!”

“ಸಾರ್, ಸ್ವಲ್ಪ ಈ ಕನ್ನಡಿ ಹಿಡ್ಕೊಳ್ಳಿ.”

“ನನ್ನ ಗಡ್ಡ?” ಎಂದ ಗಿರಾಕಿ.

“ಗಡ್ಡ ನಾಳೆನೂ ಬರುತ್ತೆ ಸಾರ್. ಮೂರು ಗೋಲು ಬರುತ್ತಾ?”

ಗಿರಾಕಿ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತನ್ನ ಅರ್ಧಮುಖವನ್ನು ತಾನೇ ನೋಡುತ್ತ ನಿಂತ. ಕ್ಷೌರಿಕ ತಗಡು ಕಿತ್ತ. ಇಬ್ಬರೂ ಅದರ ಒಂದೊಂದು ತುದಿ ಹಿಡಿದು ಓಡಿದರು. ಅವರು ಗೇಟು ತಲುಪುವ ಮೊದಲೇ ಹೊರಗಿನವರಿಗೆ ಪೆನಾಲ್ಟಿ ಸಿಕ್ಕಿ, ಚೆಂಡು ಕಂಬಕ್ಕೆ ಬಡಿದು ರಸ್ತೆಗೆ ಬಂದು, ಸೊನ್ನೆಯಣ್ಣನ ಕಾಲಿಗೆ ತೊಡರಿಕೊಂಡಿತು. ಅವನು ಎಡವಿ, ಎದ್ದು, ಕುಂಟುತ್ತ ಹಲಗೆ ತಲುಪಿ, ಒಂದನ್ನು ಇಳಿಸಿ ಮೂರನ್ನು ಕೊಕ್ಕೆಗೆ ಸಿಕ್ಕಿಸಿದ. ತಗಡು ಇನ್ನೂ ತೂಗಾಡುತ್ತಿದ್ದಾಗಲೇ ಕೊನೆಯ ಸೀಟಿ ಮೊಳಗಿತು.

ಸಾಹೇಬರು ಹಲಗೆ ನೋಡಿದರು, ಪುಸ್ತಕ ನೋಡಿದರು, ಒಂದು ಗುರುತು ಹಾಕಿದರು. “ಸರಿಯಿದೆ,” ಎಂದರು.

ಆಮೇಲೆ ಏನಾಯಿತೆಂದು ಹೇಳುವುದು ಕಷ್ಟ. ಇಪ್ಪತ್ಮೂರು ಜನ ಇನ್ನೂರು ಜನರಾದರು, ಎಲ್ಲಿಂದ ಬಂದರೋ. ಹೆಂಡತಿ ಒದ್ದೆ ಕೈಯಲ್ಲೇ ಬಂದಳು. ಮೇಷ್ಟ್ರು ಗೇಟಿನಿಂದ ಕಿತ್ತ 2 ಅನ್ನೂ ಅರ್ಜಿಯನ್ನೂ ಹಿಡಿದು ಬಂದರು. ಗೋಲ್‌ಕೀಪರ್ ಸೊನ್ನೆಯಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿದ. ಅವನು ಅಳುತ್ತಲೇ ಇದ್ದ. ಮೂರು ಗೋಲಿನಲ್ಲಿ ಒಂದನ್ನೂ ನೋಡಲಿಲ್ಲವಲ್ಲ ಎಂಬ ಕೊರಗು ಎಲ್ಲೋ ಇತ್ತು. ಆದರೆ ಕ್ಲಬ್ಬು ಉಳಿದಿತ್ತು, ಮುಂದಿನ ವರ್ಷವಿತ್ತು. ತಗಡುಗಳನ್ನೆಲ್ಲ ಜೋಡಿಸಿ ಪಕ್ಕದಲ್ಲೇ ಇಟ್ಟುಕೊಂಡು, ಕಾಲು ಚಾಚಿ, ಒಂದು ಕ್ಷಣವೂ ಬಿಡದೆ ನೋಡಿದರಾಯಿತು.

ಕ್ಯಾಪ್ಟನ್ ಕುರ್ಚಿಯ ಮೇಲೆ ಹತ್ತಿ ಕೈಮುಗಿದ.

“ಅಣ್ಣಾ, ಇವತ್ತು ನಾವು ಉಳಿದದ್ದು ನಿಮ್ಮಿಂದ. ನಿಮ್ಮ ಋಣ ತೀರಿಸೋಕಾಗಲ್ಲ.”

“ಋಣ ನನ್ನದಪ್ಪಾ,” ಎಂದ ಸೊನ್ನೆಯಣ್ಣ ಮೂಗು ಒರೆಸಿಕೊಳ್ಳುತ್ತ.

“ಇಲ್ಲಣ್ಣಾ. ನಾವು ಹನ್ನೊಂದು ಜನಾನೂ ಗಮನಿಸಿದೀವಿ. ನೀವು ಕುರ್ಚಿಗೆ ಹೋದ್ರಿ, ಒಂದು ಗೋಲಾಯ್ತು. ಮನೆಗೆ ಹೋದ್ರಿ, ಎರಡಾಯ್ತು. ಬಂದು ನಿಂತ್ರಿ, ಎರಡು ತಿಂದ್ವಿ. ಮೇಷ್ಟ್ರಲ್ಲಿಗೆ ಹೋದ್ರಿ, ಮೂರಾಯ್ತು. ಬಸ್ ಸ್ಟ್ಯಾಂಡ್ ಕಡೆ ಹೋದ್ರಿ, ಅವರ ಪೆನಾಲ್ಟಿ ಕಂಬಕ್ಕೆ ಬಡೀತು. ಎಂಟು ವರ್ಷ ನಿಮ್ಮನ್ನ ಈ ಹಲಗೆ ಪಕ್ಕ ನಿಲ್ಲಿಸಿ ತಪ್ಪು ಮಾಡಿದ್ವಿ. ಕ್ಷಮಿಸ್ಬೇಕು.”

ಜನ ಚಪ್ಪಾಳೆ ತಟ್ಟಿದರು. ಸೊನ್ನೆಯಣ್ಣನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಷ್ಟರಲ್ಲಿ ಕ್ಯಾಪ್ಟನ್ ಪೆಟ್ಟಿಗೆಯ ಕಾಗದ ಹರಿದು ಹೊಸ ತಗಡುಗಳನ್ನು ಹಂಚತೊಡಗಿದ್ದ.

“ಒಂದು, ಎರಡು, ಮೂರು ಮೊದಲಿದ್ದ ಜಾಗಕ್ಕೇ ಹೋಗ್ಲಿ. ಹತ್ತಿರವಾಯ್ತು, ಆದ್ರೂ ಜಾಗದ ಗುಣ ಚೆನ್ನಾಗಿದೆ. ನಾಲ್ಕನ್ನ ಸೇತುವೆ ಆಚೆ ನಮ್ಮತ್ತೆ ಮನೇಲಿಡೋಣ. ಅಣ್ಣಾ, ಸೇತುವೆ ಆಚೆಗೆ ಹೋಗಿಬರೋಕೆ ನಿಮಗೆ ಎಷ್ಟು ಹೊತ್ತು ಬೇಕು?”

ಸೊನ್ನೆಯಣ್ಣ ಹನ್ನೊಂದು ಮುಖಗಳನ್ನೂ ನೋಡಿದ. ಅವುಗಳ ತುಂಬ ಕೃತಜ್ಞತೆಯಿತ್ತು. ಇಲ್ಲ ಎನ್ನುವುದು ಅವನಿಗೆ ಈಗಲೂ ಬರಲಿಲ್ಲ.

“ಓಡಿದ್ರೆ… ಅರ್ಧ ಗಂಟೆ.”

“ಅರ್ಧ ಗಂಟೆನಾ!” ಕ್ಯಾಪ್ಟನ್ನನ ಮುಖ ಅರಳಿತು. “ಹಾಗಿದ್ರೆ ಐದನೇದೂ ಆಗಿಬಿಟ್ಟಿರುತ್ತೆ. ಐದನ್ನೂ ಅಲ್ಲೇ ಇಡ್ತೀವಿ ಅಣ್ಣಾ, ಬರ್ತಾ ಎರಡನ್ನೂ ತಂದುಬಿಡಿ. ಓಡ್ಬೇಡಿ, ನಿಧಾನವಾಗಿ ನಡ್ಕೊಂಡೇ ಬನ್ನಿ.”