ಕಿಟಕಿಯಿಂದ ಹಿಡಿದ ಸೀಟು

ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಸೀಟು ಹಿಡಿಯುವುದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಬಸ್ಸೇ ಕಲಿಸುತ್ತದೆ, ಅದೂ ದಿನಕ್ಕೊಂದು ಪಾಠ. ನಾನು ಗಡಹಿಂಗ್ಲಜದಿಂದ ಕೊಲ್ಹಾಪುರದ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗಿಬರುವವಳು. ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕು. ಬಸ್ಸಿನಲ್ಲೂ ನಿಂತರೆ ಕಾಲುಗಳು ನನ್ನವಲ್ಲ.

೧. ದಸ್ತಿ

ಮೊದಲ ದಿನ ಸಭ್ಯಳಂತೆ ಬಾಗಿಲಲ್ಲಿ ಸಾಲು ಹಿಡಿದೆ. ಒಳಗೆ ಹೋದರೆ ಸೀಟುಗಳ ಮೇಲೆಲ್ಲ ದಸ್ತಿ, ಟವೆಲ್ಲು, ಟೋಪಿ ಕೂತಿದ್ದವು.

"ಕಿಡಕ್ಯಾಗಿಂದ ಏನರ ಒಗದು ಜಾಗಾ ಹಿಡೀಬೇಕ ತಂಗಿ. ಬಾಗಲಾ ಬರೇ ಇಳ್ಯಾಕ," ಎಂದಳು ಮೊಸರು ಮಾರುವ ಅಜ್ಜಿ.

ಮರುದಿನ ನಾನೂ ಕಿಟಕಿಯಿಂದ ಹೊಸ ದಸ್ತಿ ಎಸೆದೆ. ಹತ್ತಿ ನೋಡಿದರೆ ಆ ಸೀಟಿನಲ್ಲೊಬ್ಬ ದಪ್ಪ ಮೀಸೆಯ ಕಾಕಾ, ನನ್ನ ದಸ್ತಿಯಿಂದಲೇ ಬೆವರು ಒರೆಸಿಕೊಳ್ಳುತ್ತಿದ್ದರು.

"ಅದು ನಂದ್ರೀ!" ಎಂದೆ.

"ಹೌದೇನ್ರಿ? ತಗೋರಿ," ಎಂದು ದಸ್ತಿ ಕೊಟ್ಟರು. ಸೀಟು ಕೊಡಲಿಲ್ಲ.

೨. ಡಬ್ಬಿ

ಭಾರದ ವಸ್ತುವೇ ಆಗಬೇಕೆಂದು ಊಟದ ಡಬ್ಬಿಯ ಚೀಲ ಎಸೆದೆ. ಗುರಿ ತಪ್ಪಲಿಲ್ಲ. ನಾನು ಹಿಗ್ಗುತ್ತಿರುವಾಗಲೇ ಡ್ರೈವರ್ ಬೋರ್ಡು ತಿರುವಿದ: ಕೊಲ್ಹಾಪುರವಲ್ಲ, ನೇಸರಿ. ಬಾಗಿಲಿನ ಗದ್ದಲ ದಾಟುವಷ್ಟರಲ್ಲಿ ನನ್ನ ಊಟ ನೇಸರಿಗೆ ಹೊರಟುಹೋಯಿತು.

ಸಂಜೆ ಕಂಡಕ್ಟರ್ ತೊಳೆದ ಡಬ್ಬಿ ತಂದುಕೊಟ್ಟ. "ಬದನೀಕಾಯಿ ಭಾಳ ಚಲೋ ಆಗಿತ್ರಿ ಅಕ್ಕಾರ. ಉಪ್ಪ ಒಂಚೂರು ಕಡಿಮಿ."

೩. ಲಿಂಬೆಹಣ್ಣು

ಅತ್ತೆಯ ಮೊಣಕಾಲು ತೋರಿಸಲು ಕೊಲ್ಹಾಪುರಕ್ಕೆ ಹೋಗಬೇಕಿತ್ತು. ಅವರು ನಿಲ್ಲಲಾರರು, ಸೀಟು ಸಿಗಲೇಬೇಕು. ಅಂದು ಅಮಾವಾಸ್ಯೆ. ಪೂಜೆಯ ಕುಂಕುಮ ಹಚ್ಚಿದ ಲಿಂಬೆಹಣ್ಣು ಕೈಯಲ್ಲಿತ್ತು. ಅದನ್ನೇ ಎಸೆದೆ.

ಬಸ್ಸು ತುಂಬಿ ತುಳುಕಿದರೂ ಆ ಸೀಟು ಮಾತ್ರ ಖಾಲಿ! "ಲಿಂಬು ಕುಣಾಚಂ?" ಎಂದು ಅದು ಯಾರದೆಂದು ಮರಾಠಿಯಲ್ಲಿ ಕೇಳಿದ ಕಂಡಕ್ಟರ್, ದೂರದಿಂದಲೇ. "ನಂದ್ರಿ," ಎಂದೆ. ಜನ ಸರಿದು ದಾರಿ ಬಿಟ್ಟರು.

ಆದರೆ ಅತ್ತೆಯೇ ಹಟ ಹಿಡಿದರು. "ಮಾಟದ ಜಾಗಾದಾಗ ನಾ ಕೂಡಾಂಗಿಲ್ಲವಾ!"

ನಾನು ಹಣ್ಣನ್ನು ಹಲ್ಲಿನಿಂದ ಕಚ್ಚಿ, ನೀರಿನ ಬಾಟಲಿಗೆ ಹಿಂಡಿ, ಗಟಗಟ ಕುಡಿದುಬಿಟ್ಟೆ. ಇಡೀ ಬಸ್ಸು ಉಸಿರು ಬಿಗಿಹಿಡಿಯಿತು. ಅತ್ತೆ ಗಪ್ಪನೆ ಕೂತರು. ಕೊಲ್ಹಾಪುರದವರೆಗೆ ನಾನೇ ಮಹಾರಾಣಿ!

ಮರುದಿನ ಬಸ್ಸು ಬಂದು ನಿಂತದ್ದೇ ತಡ, ಎಲ್ಲ ಕಿಟಕಿಗಳಿಂದ ಕುಂಕುಮದ ಲಿಂಬೆಹಣ್ಣುಗಳು ಒಳಗೆ ತೂರಿಹೋದವು. ಆಮೇಲೆ ಶುರುವಾಯಿತು ಫಜೀತಿ. ಯಾವುದು ಯಾರದೆಂದು ತಿಳಿಯದೆ, ಒಬ್ಬರಿಗೂ ಹತ್ತುವ ಧೈರ್ಯವಿಲ್ಲ.

ಕಂಡಕ್ಟರ್ ಕೈಮುಗಿದ. "ಅಕ್ಕಾರ, ಮೊದಲ ನೀವ ಹತ್ರಿ!"

ನಾನು ಸಾವಕಾಶವಾಗಿ ಹತ್ತಿ, ಒಂದೊಂದೇ ಸೀಟಿನಿಂದ ಹಣ್ಣು ಆರಿಸಿ ಸೆರಗಿಗೆ ತುಂಬಿಕೊಂಡು, ಮುಂದಿನ ಕಿಟಕಿ ಸೀಟಿನಲ್ಲಿ ಕಾಲು ಚಾಚಿ ಕೂತೆ. ಆ ವರ್ಷ ನಮ್ಮ ಮನೆಯ ಉಪ್ಪಿನಕಾಯಿ ಪುಕ್ಕಟೆ.